2007ರ ಆ ಶನಿವಾರಗಳು: ಅಮೆರಿಕದ ಕಾಲೇಜ್ ಫುಟ್‌ಬಾಲಲ್ಲಿ ಎರಡನೇ ಸ್ಥಾನಕ್ಕೆ ಹತ್ತಿದೋರೆಲ್ಲ ಯಾಕೆ ಬಿದ್ರು?

ಅಕ್ಕ ಮೊನ್ನೆ ಫೋನ್ ಮಾಡಿದ್ಲು. ಮಗ ಎಂ.ಎಸ್. ಮಾಡೋಕೆ ಅಂತ ಒಹಾಯೋದ ಕೊಲಂಬಸ್‌ಗೆ ಹೋಗಿದಾನೆ, ಶನಿವಾರ ಬಂದ್ರೆ ಫೋನೇ ಎತ್ತಲ್ಲ, ಎತ್ತಿದ್ರೂ ಹಿಂದೆ ಜಾತ್ರೆ ಥರ ಗದ್ದಲ. "ಅದೇನೋ ಕಾಲೇಜ್ ಮ್ಯಾಚಂತೆ ಕಣೋ, ಲಕ್ಷ ಜನ ಬಂದಿದಾರೆ ಅಂತಾನೆ, ಕಾಲೇಜ್ ಮ್ಯಾಚ್ ನೋಡೋಕೆ ಯಾರಾದ್ರೂ ಲಕ್ಷ ಜನ ಬರ್ತಾರಾ?" ಬರ್ತಾರೆ ಅಕ್ಕ, ಅಲ್ಲಿನ ಸ್ಟೇಡಿಯಂ ಅಷ್ಟು ದೊಡ್ಡದು, ಅಂತ ಹೇಳಿದೆ. ಆದ್ರೆ ಯಾಕೆ ಬರ್ತಾರೆ ಅನ್ನೋದನ್ನ ಫೋನಲ್ಲಿ ಹೇಳಿ ಮುಗ್ಸೋಕಾಗಲಿಲ್ಲ. ನಮ್ಮ ಕಡೆ ಎಷ್ಟೋ ಮನೆಗಳಿಂದ ಈಗ ಮಕ್ಕಳು ಇಂಥ ಊರುಗಳಿಗೆ ಓದೋಕೆ ಹೋಗ್ತಿದಾರೆ, ಅವರ ಅಪ್ಪ ಅಮ್ಮನಿಗೂ ಇದೇ ಪ್ರಶ್ನೆ ಇರತ್ತೆ. ಅದಕ್ಕೇ ಬರೆಯೋಣ ಅನ್ನಿಸ್ತು.

ಬರೀ ರೂಲ್ಸ್ ಹೇಳಿದ್ರೆ ಈ ಆಟದ ಹುಚ್ಚು ಅರ್ಥ ಆಗಲ್ಲ, ಒಂದು ಸೀಸನ್ ಪೂರ್ತಿ ಹೇಳ್ಬೇಕು. ನಾನು ಹೇಳೋದು 2007ರದ್ದು. ಆ ವರ್ಷ ನಾನೂ ಅಲ್ಲೇ ಸ್ಟೂಡೆಂಟ್, ಮೊದಲನೇ ಸೆಮಿಸ್ಟರ್, ನಾಲ್ಕು ಜನ ಸೇರಿ ಹಿಡಿದಿದ್ದ ಅಪಾರ್ಟ್‌ಮೆಂಟಲ್ಲಿ ಯಾರೋ ಬಿಟ್ಟು ಹೋಗಿದ್ದ ಡಬ್ಬಾ ಟಿವಿ. ಆಟ ಅರ್ಥ ಆಗೋದ್ರೊಳಗೆ ಸೀಸನ್ ಅರ್ಧ ಮುಗಿದಿತ್ತು, ಆಮೇಲೆ ಮಾತ್ರ ಟಿವಿ ಮುಂದಿಂದ ಎದ್ದೇಳೋಕಾಗಲಿಲ್ಲ.

ಮೊದಲು ಆಟ ಏನು ಅಂತ

ಇಲ್ಲಿ ಫುಟ್‌ಬಾಲ್ ಅಂದ್ರೆ ಮೆಸ್ಸಿ ಆಡೋದಲ್ಲ. ಮೊಟ್ಟೆ ಆಕಾರದ ಬಾಲ್, ಹೆಚ್ಚಾಗಿ ಕೈಯಲ್ಲೇ ಹಿಡಿದು ಓಡ್ತಾರೆ, ಇಲ್ಲ ಎಸೀತಾರೆ. ಕಡೆಗೆ ಹನ್ನೊಂದು ಜನ, ಮೈದಾನ 100 ಗಜ ಉದ್ದ, ಎರಡೂ ತುದಿಯಲ್ಲಿ ಹತ್ತತ್ತು ಗಜದ ಒಂದು ಪಟ್ಟಿ, ಅದಕ್ಕೆ ಎಂಡ್ ಜೋನ್ ಅಂತಾರೆ. ಎದುರಾಳಿ ಕಡೆಯ ಎಂಡ್ ಜೋನ್‌ಗೆ ಬಾಲ್ ಮುಟ್ಟಿಸಿದ್ರೆ ಟಚ್‌ಡೌನ್, 6 ಪಾಯಿಂಟ್. ಅದಾದ ಮೇಲೆ ಒಂದು ಸಣ್ಣ ಕಿಕ್ ಹೊಡೆದ್ರೆ ಇನ್ನೊಂದು ಪಾಯಿಂಟ್, ಕಿಕ್ ಬೇಡ ಮತ್ತೆ ಒಳಗೇ ನುಗ್ತೀವಿ ಅಂದ್ರೆ 2. ಅಷ್ಟು ದೂರ ಹೋಗೋಕಾಗಲ್ಲ ಅನ್ನಿಸಿದ್ರೆ ಎರಡು ಕಂಬದ ಮಧ್ಯೆ ಬಾಲ್ ಒದ್ದು 3 ಪಾಯಿಂಟ್ ತಗೋಬಹುದು, ಅದು ಫೀಲ್ಡ್ ಗೋಲ್.

ಮುಖ್ಯವಾದ ರೂಲ್ ಒಂದೇ, ಇದು ಅರ್ಥ ಆದ್ರೆ ಅರ್ಧ ಆಟ ಅರ್ಥ ಆದಂಗೆ. ನಾಲ್ಕು ಚಾನ್ಸಲ್ಲಿ ಹತ್ತು ಗಜ ಮುಂದೆ ಹೋಗ್ಬೇಕು. ನಾಲ್ಕು ಬಾಲಲ್ಲಿ ಹತ್ತು ರನ್ ಹೊಡಿ, ಹೊಡೆದ್ರೆ ಮತ್ತೆ ನಾಲ್ಕು ಬಾಲ್ ಸಿಗತ್ತೆ, ಹೊಡೀಲಿಲ್ಲ ಅಂದ್ರೆ ಬ್ಯಾಟಿಂಗ್ ಆ ಕಡೆಯವರಿಗೆ ಹೋಗತ್ತೆ ಅಂದ್ಕೊಳ್ಳಿ. ಒಂದೊಂದು ಚಾನ್ಸ್‌ಗೂ ಡೌನ್ ಅಂತ ಹೆಸರು. ನಾಲ್ಕನೇ ಡೌನ್ ಬಂದಾಗ ಸಾಮಾನ್ಯವಾಗಿ ಯಾರೂ ರಿಸ್ಕ್ ತಗೊಳ್ಳಲ್ಲ, ಬಾಲನ್ನ ದೂರ ಒದ್ದು ಎದುರಾಳಿಗೆ ಕೊಟ್ಬಿಡ್ತಾರೆ. ಇದನ್ನ ನೆನಪಲ್ಲಿಟ್ಕೊಳ್ಳಿ, ಮುಂದೆ ಬೇಕಾಗತ್ತೆ.

ಆಡೋರು ಕಾಲೇಜ್ ಹುಡುಗರು. ಆಗ ಅವರಿಗೆ ಸಿಗ್ತಿದ್ದದ್ದು ಸ್ಕಾಲರ್‌ಶಿಪ್, ಸಂಬಳ ಅಂತ ಏನೂ ಇರಲಿಲ್ಲ. ಈಗ ಆ ಕಥೆ ಬೇರೆ ಆಗಿದೆ, ದುಡ್ಡು ಬರತ್ತೆ.

ಸೆಮಿಫೈನಲ್ ಇಲ್ಲ, ನೇರ ಫೈನಲ್

2007ನ್ನ ಅರ್ಥ ಮಾಡ್ಕೊಳ್ಳೋಕೆ ನಿಜವಾಗಿ ಬೇಕಾಗಿರೋದು ಇದು. ದೊಡ್ಡ ಮಟ್ಟದಲ್ಲಿ ಆಡೋ ಕಾಲೇಜ್ ಟೀಮ್‌ಗಳು ಆಗ ಸುಮಾರು 120. ಒಂದೊಂದು ಟೀಮ್‌ಗೂ ರೆಗ್ಯುಲರ್ ಸೀಸನಲ್ಲಿ ಬರೀ 12 ಮ್ಯಾಚ್, ವಾರಕ್ಕೊಂದು, ಹೆಚ್ಚಿನವು ಶನಿವಾರ. ಟೀಮ್‌ಗಳು ಕಾನ್ಫರೆನ್ಸ್ ಅನ್ನೋ ಗುಂಪುಗಳಲ್ಲಿ ಇರ್ತವೆ, ನಮ್ಮ ದುಲೀಪ್ ಟ್ರೋಫಿಯ ವಲಯಗಳ ಥರ, ಮತ್ತೆ ಹೆಚ್ಚಾಗಿ ತಮ್ಮ ಗುಂಪಿನೊಳಗೇ ಆಡ್ತವೆ. ಅಂದ್ರೆ ದೇಶದ ಈ ಮೂಲೆ ಟೀಮ್ ಆ ಮೂಲೆ ಟೀಮ್ ಜೊತೆ ಆಡೋದೇ ಇಲ್ಲ ಅನ್ನಬಹುದು.

ಹಾಗಾದ್ರೆ ಯಾರು ದೊಡ್ಡೋರು ಅಂತ ಹೇಗೆ ಹೇಳ್ತೀರಾ? ವೋಟ್ ಹಾಕಿ.

ನಿಜವಾಗ್ಲೂ ವೋಟೇ. 1998ರಲ್ಲಿ ಬಿಸಿಎಸ್ ಅಂತ ಒಂದು ವ್ಯವಸ್ಥೆ ಬಂತು. 2007ರಲ್ಲಿ ಅದರ ಲೆಕ್ಕ ಹೀಗಿತ್ತು: ಮೂರನೇ ಒಂದು ಭಾಗ ಕೋಚ್‌ಗಳು ಹಾಕೋ ವೋಟ್, ಇನ್ನೊಂದು ಭಾಗ ಹಳೇ ಆಟಗಾರರು, ಮಾಜಿ ಕೋಚ್‌ಗಳು, ಪತ್ರಕರ್ತರು ಇಂಥ ನೂರಕ್ಕೂ ಹೆಚ್ಚು ಜನ ಹಾಕೋ ವೋಟ್, ಉಳಿದದ್ದು ಆರು ಕಂಪ್ಯೂಟರ್ ರ‍್ಯಾಂಕಿಂಗ್‌ಗಳ ಸರಾಸರಿ. ಕಂಪ್ಯೂಟರ್‌ಗಳಿಗೆ ಎಷ್ಟು ಅಂತರದಲ್ಲಿ ಗೆದ್ರು ಅನ್ನೋದನ್ನ ನೋಡೋ ಹಾಗಿಲ್ಲ, ಒಂದು ರನ್ನಲ್ಲಿ ಗೆದ್ರೂ ಇನಿಂಗ್ಸ್ ಲೆಕ್ಕದಲ್ಲಿ ಗೆದ್ರೂ ಒಂದೇ. ಇದೆಲ್ಲ ಸೇರಿಸಿ ಪ್ರತಿ ವಾರ ಪಟ್ಟಿ ಬರ್ತಿತ್ತು, ಸೀಸನ್ ಕೊನೆಗೆ ಆ ಪಟ್ಟಿಯಲ್ಲಿ ಒಂದು ಮತ್ತು ಎರಡನೇ ಸ್ಥಾನದಲ್ಲಿ ಯಾರಿರ್ತಾರೋ ಅವರು ನೇರ ಫೈನಲ್. ಮೂರನೇ ಸ್ಥಾನ ಆದ್ರೆ ಮುಗೀತು.

ರಣಜಿ ಟ್ರೋಫೀಲಿ ಕ್ವಾರ್ಟರೂ ಇಲ್ಲ ಸೆಮಿಫೈನಲೂ ಇಲ್ಲ, ಲೀಗ್ ಮ್ಯಾಚ್ ಮುಗಿದ ಮೇಲೆ ಪೇಪರ್‌ನೋರು, ಕೋಚ್‌ಗಳು, ಒಂದಷ್ಟು ಕಂಪ್ಯೂಟರ್ ಸೇರಿ "ಕರ್ನಾಟಕ, ಮುಂಬೈ ಫೈನಲ್ ಆಡಲಿ" ಅಂತ ಹೇಳ್ಬಿಟ್ರೆ ಹೇಗಿರತ್ತೆ, ಹಾಗೆ. ಹೀಗಾಗಿ ಒಂದು ಸೋಲು ಅಂದ್ರೆ ಜೀವ ಅರ್ಧ ಹೋದಂಗೆ, ಎರಡು ಸೋತ್ರೆ ಕಥೆ ಮುಗಿದಂಗೆ ಅಂತಲೇ ಎಲ್ಲರ ಲೆಕ್ಕ. ಹೆಸರಿಗೆ ಲೀಗ್ ಮ್ಯಾಚ್, ಆದ್ರೆ ಪ್ರತಿ ಶನಿವಾರವೂ ನಾಕೌಟ್.

ಸೆಪ್ಟೆಂಬರ್ 1: ಬೆಟ್ಟದ ಊರಿನ ಹುಡುಗರು

ಮಿಶಿಗನ್ ಯೂನಿವರ್ಸಿಟಿ ಆಗ ಐದನೇ ರ‍್ಯಾಂಕ್. ಅವರ ಆನ್ ಆರ್ಬರ್ ಸ್ಟೇಡಿಯಂಗೆ ಅವತ್ತು ಬಂದಿದ್ದು 1 ಲಕ್ಷ 9 ಸಾವಿರಕ್ಕೂ ಹೆಚ್ಚು ಜನ, ನಮ್ಮ ಚಿನ್ನಸ್ವಾಮಿ ಸ್ಟೇಡಿಯಂ ಎರಡು ಸಲ ತುಂಬಿಸಿದ್ರೂ ಇನ್ನೂ ಜನ ಹೊರಗೆ ಉಳೀತಾರೆ. ಎದುರಾಳಿ ಆಪಲೇಶಿಯನ್ ಸ್ಟೇಟ್, ನಾರ್ತ್ ಕೆರೊಲೈನಾದ ಬೂನ್ ಅನ್ನೋ ಪುಟ್ಟ ಬೆಟ್ಟದ ಊರಿನ ಕಾಲೇಜು, ನಮ್ಮ ಮಡಿಕೇರಿ ಕಡೆ ಥರ ಅಂದ್ಕೊಳ್ಳಿ. ಇವರು ಮೇಲಿನ ಮಟ್ಟದವರೇ ಅಲ್ಲ, ಒಂದು ಮೆಟ್ಟಿಲು ಕೆಳಗೆ, ಅಲ್ಲಿ ಸ್ಕಾಲರ್‌ಶಿಪ್ಪೂ ಕಡಿಮೆ: ಆಗ ಮೇಲಿನವರಿಗೆ 85, ಇವರಿಗೆ 63. ದೊಡ್ಡ ಕಾಲೇಜುಗಳು ಸೀಸನ್ ಶುರುವಲ್ಲಿ ಇಂಥ ಟೀಮನ್ನ ದುಡ್ಡು ಕೊಟ್ಟು ಕರೆಸ್ತವೆ, ದೊಡ್ಡೋರಿಗೆ ಸುಲಭವಾಗಿ ಒಂದು ಗೆಲುವು, ಚಿಕ್ಕೋರಿಗೆ ಒಳ್ಳೆ ದುಡ್ಡು. ಅವತ್ತು ಆಪಲೇಶಿಯನ್‌ಗೆ ಸಿಕ್ಕಿದ್ದು ಸುಮಾರು ನಾಲ್ಕು ಲಕ್ಷ ಡಾಲರ್.

ಆದ್ರೆ ಈ ಹುಡುಗರು ತಮ್ಮ ಮಟ್ಟದಲ್ಲಿ 2005, 2006 ಎರಡೂ ವರ್ಷ ಚಾಂಪಿಯನ್ಸ್. ಅರ್ಧ ಆಟ ಮುಗಿದಾಗ 28-17, ಮುಂದೆ ಇದ್ದೋರು ಆಪಲೇಶಿಯನ್! ಕೊನೆಗೆ ಮಿಶಿಗನ್ ಹೇಗೋ ಹಿಡ್ಕೊಂಡು 32-31 ಮಾಡ್ತು, ಎಲ್ರೂ ಸದ್ಯ ಅಂತ ಉಸಿರು ಬಿಟ್ರು. ಆಮೇಲೆ ಮಿಶಿಗನ್ ಒಂದು ಫೀಲ್ಡ್ ಗೋಲ್ ಒದೆಯೋಕೆ ಹೋದ್ರೆ ಅದು ಬ್ಲಾಕ್ ಆಯ್ತು. ಬಾಲ್ ಸಿಕ್ಕಿದ್ದೇ ತಡ ಆಪಲೇಶಿಯನ್ ಓಡಿ ಓಡಿ ಮುಂದೆ ಬಂದು 26 ಸೆಕೆಂಡ್ ಇರೋವಾಗ ಫೀಲ್ಡ್ ಗೋಲ್ ಹಾಕಿ 34-32. ಅಲ್ಲಿಗೂ ಮುಗೀಲಿಲ್ಲ. ಮಿಶಿಗನ್ ಒಂದೇ ಎಸೆತದಲ್ಲಿ 46 ಗಜ ಮುಂದೆ ಬಂತು, ಗಡಿಯಾರದಲ್ಲಿ 6 ಸೆಕೆಂಡ್, 37 ಗಜದ ಕಿಕ್ ಹೋದ್ರೆ ಗೆಲುವು. ಕೋರಿ ಲಿಂಚ್ ಅನ್ನೋ ಹುಡುಗ ಪಕ್ಕದಿಂದ ನುಗ್ಗಿ ಬಂದು ಕೈ ಅಡ್ಡ ಹಾಕಿದ, ಬಾಲ್ ಅವನಿಗೇ ಸಿಕ್ತು, ಅದನ್ನ ಹಿಡ್ಕೊಂಡು ಮೈದಾನದ ಆ ಕಡೆಗೆ ಓಡಿದ. ಲಕ್ಷ ಜನ ಇದ್ದ ಸ್ಟೇಡಿಯಂ ಗರ ಬಡಿದಂಗೆ ನಿಂತಿತ್ತು.

ಬೂನಲ್ಲಿ ಸ್ಟೂಡೆಂಟ್ಸ್ ತಮ್ಮ ಖಾಲಿ ಸ್ಟೇಡಿಯಂಗೆ ನುಗ್ಗಿ ಗೋಲ್ ಪೋಸ್ಟ್ ಕಿತ್ತು, ಹೊತ್ಕೊಂಡು ಹೋಗಿ ಕುಲಪತಿಗಳ ಮನೆ ಅಂಗಳದಲ್ಲಿ ಹಾಕಿದ್ರು. ಎಪಿ ಸುದ್ದಿಸಂಸ್ಥೆ ವಾರವಾರ ನಡೆಸೋ ವೋಟಿಂಗಲ್ಲಿ ಕೆಳಗಿನ ಮಟ್ಟದ ಟೀಮ್‌ಗಳಿಗೂ ವೋಟ್ ಹಾಕಬಹುದು ಅಂತ ಈ ಮ್ಯಾಚ್ ಆದ ಮೇಲೆ ರೂಲೇ ಬದಲಾಯ್ತು.

ಎರಡನೇ ಸ್ಥಾನ ಅನ್ನೋ ಜಾರುಬಂಡೆ

ಅದು ಶುರು ಅಷ್ಟೇ. ಅಕ್ಟೋಬರ್ 6ರಿಂದ ಡಿಸೆಂಬರ್ 1ರವರೆಗೆ, ಒಂಬತ್ತು ವಾರದೊಳಗೆ, ಎರಡನೇ ರ‍್ಯಾಂಕಲ್ಲಿದ್ದ ಟೀಮ್ ಏಳು ಸಲ ಸೋಲ್ತು. ಏಳೂ ಬೇರೆ ಬೇರೆ ಟೀಮ್: ಯುಎಸ್‌ಸಿ (ಸದರ್ನ್ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿ), ಕ್ಯಾಲಿಫೋರ್ನಿಯಾ, ಸೌತ್ ಫ್ಲೋರಿಡಾ, ಬೋಸ್ಟನ್ ಕಾಲೇಜ್, ಆರೆಗನ್, ಕ್ಯಾನ್ಸಸ್, ವೆಸ್ಟ್ ವರ್ಜೀನಿಯಾ. ಮೇಲೆ ಹತ್ತಿದ್ರು, ಜಾರಿದ್ರು.

ಯುಎಸ್‌ಸಿಯನ್ನ ಸೋಲಿಸಿದ್ದು ಸ್ಟ್ಯಾನ್‌ಫರ್ಡ್. ಹಿಂದಿನ ವರ್ಷ 12ರಲ್ಲಿ ಒಂದೇ ಮ್ಯಾಚ್ ಗೆದ್ದಿದ್ದ ಟೀಮ್, ಬೆಟ್ಟಿಂಗ್‌ನವರ ಲೆಕ್ಕದಲ್ಲಿ 41 ಪಾಯಿಂಟಿಂದ ಸೋಲ್ಬೇಕಾಗಿತ್ತು, ಅದೂ ಲಾಸ್ ಏಂಜಲಿಸಲ್ಲಿ, ಯುಎಸ್‌ಸಿ ತನ್ನ ನೆಲದಲ್ಲಿ ಸತತ 35 ಮ್ಯಾಚ್ ಗೆದ್ದು ಕೂತಿತ್ತು. ಸ್ಟ್ಯಾನ್‌ಫರ್ಡ್‌ನ ಮುಖ್ಯ ಕ್ವಾರ್ಟರ್‌ಬ್ಯಾಕ್, ಅಂದ್ರೆ ಬಾಲ್ ಎಸೆದು ಆಟ ನಡೆಸೋ ಹುಡುಗ, ಹುಷಾರಿಲ್ಲದೆ ಹೊರಗೆ, ಬದಲಿಗೆ ಬಂದ ಟವೀಟಾ ಪ್ರಿಚರ್ಡ್‌ಗೆ ಅದು ಮೊದಲ ಸ್ಟಾರ್ಟ್. 49 ಸೆಕೆಂಡ್ ಇದೆ, ನಾಲ್ಕನೇ ಡೌನ್, ಇನ್ನೊಂದು ಚಾನ್ಸ್ ಇಲ್ಲ, ಎಸೆದ, ಎಂಡ್ ಜೋನಲ್ಲಿ ಕ್ಯಾಚ್. 24-23.

ಮುಂದಿನ ವಾರ ಇನ್ನೂ ಸಂಕಟದ್ದು. ಅಕ್ಟೋಬರ್ 13ಕ್ಕೆ ನಂಬರ್ ಒನ್ ಎಲ್‌ಎಸ್‌ಯು, ಅಂದ್ರೆ ಲೂಸಿಯಾನಾ ಸ್ಟೇಟ್, ಕೆಂಟಕಿ ಎದುರು ಮೂರು ಓವರ್‌ಟೈಮ್ ಆಡಿ ಸೋಲ್ತು. ಓವರ್‌ಟೈಮ್ ಅಂದ್ರೆ ಸೂಪರ್ ಓವರ್ ಥರ, ಇಬ್ಬರಿಗೂ ಒಂದೊಂದು ಸಲ ಎದುರಾಳಿಯ 25 ಗಜದಿಂದ ಬಾಲ್ ಕೊಡ್ತಾರೆ. ಎರಡನೇ ಸ್ಥಾನದ ಕ್ಯಾಲಿಫೋರ್ನಿಯಾಗೆ ಆ ಸಂಜೆ ಆರೆಗನ್ ಸ್ಟೇಟ್‌ನ ಸೋಲಿಸಿದ್ರೆ ಸಾಕು, ನಂಬರ್ ಒನ್. ಮೂರು ಪಾಯಿಂಟ್ ಹಿಂದೆ, 14 ಸೆಕೆಂಡ್ ಉಳಿದಿದೆ, ಎಂಡ್ ಜೋನ್‌ಗೆ 12 ಗಜ, ಟೈಮ್ ಔಟ್ ಒಂದೂ ಉಳಿದಿಲ್ಲ. ಬಾಲ್ ಎಸೆದ್ರೆ ಟಚ್‌ಡೌನ್ ಸಿಗಬಹುದು, ತಪ್ಪಿದ್ರೂ ಗಡಿಯಾರ ನಿಲ್ಲತ್ತೆ, ಆಮೇಲೆ ಫೀಲ್ಡ್ ಗೋಲ್ ಹೊಡೆದು ಸಮ ಮಾಡ್ಕೋಬಹುದು. ಚಿಕ್ಕ ಹುಡುಗ ಕೆವಿನ್ ರೈಲಿ ಎಸೆಯೋಕೆ ಜಾಗ ಸಿಗದೆ ಬಾಲ್ ಹಿಡ್ಕೊಂಡು ಓಡಿದ, ಮೈದಾನದೊಳಗೇ ಬಿದ್ದ. ಬಾಲ್ ಹಿಡಿದೋನು ಗೆರೆ ಒಳಗೆ ಬಿದ್ರೆ ಗಡಿಯಾರ ನಿಲ್ಲಲ್ಲ. ಎದ್ದು ಎಲ್ರೂ ಜಾಗಕ್ಕೆ ಓಡೋದ್ರೊಳಗೆ ಸೊನ್ನೆ. ಒಂದು ಹೆಜ್ಜೆ ತಪ್ಪಿದ್ದಕ್ಕೆ ನಂಬರ್ ಒನ್ ಹೋಯ್ತು, ಆ ಹುಡುಗನ ಮುಖ ನೆನೆಸ್ಕೊಂಡ್ರೆ ನಂಗೆ ಈಗಲೂ ಹೊಟ್ಟೆ ಚುರುಕ್ ಅನ್ನತ್ತೆ.

ಸೌತ್ ಫ್ಲೋರಿಡಾ ಫುಟ್‌ಬಾಲ್ ಆಡೋಕೆ ಶುರು ಮಾಡಿದ್ದೇ 1997ರಲ್ಲಿ, ಹತ್ತು ವರ್ಷಕ್ಕೆ ದೇಶದಲ್ಲೇ ಎರಡನೇ ಸ್ಥಾನ, ನಾಲ್ಕೇ ದಿನದಲ್ಲಿ ರಟ್ಗರ್ಸ್ ಎದುರು 30-27 ಸೋಲು. ಆರೆಗನ್ ಚೆನ್ನಾಗೇ ಆಡ್ತಿತ್ತು, ಅವರ ಕ್ವಾರ್ಟರ್‌ಬ್ಯಾಕ್ ಡೆನಿಸ್ ಡಿಕ್ಸನ್ ಮಂಡಿಗೆ ಪೆಟ್ಟಾಯ್ತು, ಟೀಮೂ ಕುಸೀತು. ನವೆಂಬರ್ ಕೊನೆಗೆ ಬರೋ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ, ಮತ್ತೆ ನಂಬರ್ ಒನ್ ಆಗಿದ್ದ ಎಲ್‌ಎಸ್‌ಯು, ಅರ್ಕನ್ಸಾ ಎದುರು 50-48, ಮತ್ತೆ ಮೂರು ಓವರ್‌ಟೈಮ್. ಎರಡು ಸೋಲಾಯ್ತಲ್ಲ, ಇನ್ನು ಎಲ್‌ಎಸ್‌ಯು ಕಥೆ ಮುಗೀತು ಅಂತ ಟಿವಿಯವರೂ ಹೇಳಿದ್ರು, ನಮ್ಮ ರೂಮಲ್ಲೂ ಅದೇ ಮಾತು.

ಡಿಸೆಂಬರ್ 1ರ ರಾತ್ರಿ

ಕೊನೇ ಶನಿವಾರ. ಒಂದನೇ ಸ್ಥಾನ ಮಿಸ್ಸೂರಿ, ಎರಡು ವೆಸ್ಟ್ ವರ್ಜೀನಿಯಾ. ಇಬ್ಬರೂ ಗೆದ್ರೆ ಫೈನಲ್ ಅವರಿಬ್ಬರದೇ. ಮಿಸ್ಸೂರಿಗೆ ಎದುರಾಳಿ ಒಕ್ಲಹೋಮಾ, ಅದು ಕಷ್ಟದ್ದೇ ಅಂತ ಎಲ್ಲರಿಗೂ ಗೊತ್ತಿತ್ತು, 38-17 ಸೋತ್ರು.

ವೆಸ್ಟ್ ವರ್ಜೀನಿಯಾದ್ದು ಹಾಗಲ್ಲ. ಹಿಂದಿನ ವಾರ 66 ಪಾಯಿಂಟ್ ಹೊಡೆದಿದ್ದ ಟೀಮ್, ಆಟ ಸ್ವಂತ ಊರು ಮಾರ್ಗನ್‌ಟೌನಲ್ಲಿ, ಎದುರಾಳಿ ಪಕ್ಕದ ಪಿಟ್ಸ್‌ಬರ್ಗ್, ಅವರದ್ದು 4 ಗೆಲುವು 7 ಸೋಲು. ಈ ಎರಡು ಊರಿನ ಮಧ್ಯೆ ಹಳೇ ಜಿದ್ದು ಬೇರೆ. ನಾವು ಟಿವಿ ಹಾಕಿ, ಚಿತ್ರಾನ್ನ ಕಲಸ್ಕೊಂಡು ಕೂತಾಗ ಇದೇನು ಮುಗಿದ ಮ್ಯಾಚ್, ಸ್ವಲ್ಪ ಹೊತ್ತು ನೋಡಿ ಓದೋಕೆ ಕೂರೋಣ ಅಂತಲೇ ಇದ್ದದ್ದು, ಸೋಮವಾರ ಒಂದು ಸಬ್ಮಿಶನ್ ಇತ್ತು. ಮೊದಲು ವೆಸ್ಟ್ ವರ್ಜೀನಿಯಾದ ಕಿಕ್ಕರ್ ಎರಡು ಫೀಲ್ಡ್ ಗೋಲ್ ಮಿಸ್ ಮಾಡಿದ, ಎರಡೂ ಹತ್ತಿರದವೇ. ಆ ಕಿಕ್ಕರ್ ಪ್ಯಾಟ್ ಮೆಕಾಫಿ, ಇವತ್ತು ಅಮೆರಿಕದ ಸ್ಪೋರ್ಟ್ಸ್ ಟಿವಿಯಲ್ಲಿ ದೊಡ್ಡ ಹೆಸರು. ಆಮೇಲೆ ಕ್ವಾರ್ಟರ್‌ಬ್ಯಾಕ್ ಪ್ಯಾಟ್ ವೈಟ್ ಹೆಬ್ಬೆರಳು ಕೀಲು ತಪ್ತು, ಬಾಲ್ ಹಿಡಿಯೋಕೇ ಆಗ್ತಿಲ್ಲ. ಪಾಯಿಂಟ್ ಏರ್ತಾನೇ ಇಲ್ಲ. ಇತ್ತ ಪಿಟ್ಸ್‌ಬರ್ಗಿನ ಲೆಶಾನ್ ಮೆಕಾಯ್ ಅನ್ನೋ ಮೊದಲ ವರ್ಷದ ಹುಡುಗ ಓಡ್ತಾನೇ ಇದಾನೆ, ಐದು ಗಜ, ಆರು ಗಜ, ಗಡಿಯಾರ ತಿನ್ನೋದೇ ಅವನ ಕೆಲಸ.

13-7. ಕೊನೇ ಕೆಲವು ಸೆಕೆಂಡ್, ಪಿಟ್ಸ್‌ಬರ್ಗ್‌ನೋರು ಬಾಲನ್ನ ಎದುರಾಳಿಗೆ ಕೊಡೋ ಬದಲು ತಮ್ಮದೇ ಎಂಡ್ ಜೋನಲ್ಲಿ ಟೈಮ್ ಕಳೆದು ಬೇಕಂತಲೇ 2 ಪಾಯಿಂಟ್ ಬಿಟ್ಕೊಟ್ರು. ತಮ್ಮ ಎಂಡ್ ಜೋನಲ್ಲೇ ಸಿಕ್ಕಿಬಿದ್ರೆ ಎದುರಾಳಿಗೆ 2 ಪಾಯಿಂಟ್, ಅದಕ್ಕೆ ಸೇಫ್ಟಿ ಅಂತಾರೆ. ಆರು ಪಾಯಿಂಟ್ ಲೀಡ್ ಇರೋವಾಗ ಎರಡು ಹೋದ್ರೆ ಏನಂತೆ, ಟೈಮ್ ಮುಗೀಲಿ ಅಂತ. 13-9. ನಮ್ಮ ರೂಮ್‌ಮೇಟ್ ಒಬ್ಬ ಕೈಯಲ್ಲಿ ತಟ್ಟೆ ಹಿಡಿದೋನು ಹಾಗೇ ನಿಂತಿದ್ದ, ಚಿತ್ರಾನ್ನ ಆರಿ ತಣ್ಣಗಾಗಿತ್ತು. ಒಂದು, ಎರಡು, ಇಬ್ಬರೂ ಒಂದೇ ರಾತ್ರಿ ಹೋದ್ರು.

ಏಳನೇ ಸ್ಥಾನದೋರು ಎರಡಕ್ಕೆ ಹಾರಿದ್ದು

ಈಗ ಫೈನಲ್ ಯಾರಿಗೆ? ಮೂರನೇ ಸ್ಥಾನದ ಒಹಾಯೋ ಸ್ಟೇಟ್ ನವೆಂಬರ್ 17ಕ್ಕೇ ಎಲ್ಲ ಮ್ಯಾಚ್ ಮುಗಿಸಿ ಮನೇಲಿ ಕೂತಿತ್ತು, ಒಂದೇ ಸೋಲು, ಆಡದೇನೇ ನಂಬರ್ ಒನ್ ಆಯ್ತು. ಎರಡನೇ ಜಾಗಕ್ಕೆ ವೋಟ್ ಹಾಕೋರು ಒಬ್ಬೊಬ್ಬರನ್ನೇ ನೋಡಿದ್ರು. ನಾಲ್ಕನೇ ಸ್ಥಾನದ ಜಾರ್ಜಿಯಾ ತನ್ನ ಕಾನ್ಫರೆನ್ಸ್ ಫೈನಲ್‌ಗೇ ಬಂದಿಲ್ಲ. ಐದನೇ ಸ್ಥಾನದ ಕ್ಯಾನ್ಸಸ್ ಕೂಡ ಅಷ್ಟೇ, ಒಂದೇ ಸೋಲು ನಿಜ, ಆದ್ರೆ ಹಿಂದಿನ ವಾರ ಮಿಸ್ಸೂರಿ ಕೈಲಿ ಸೋತಿದೆ. ಆರನೇ ಸ್ಥಾನದ ವರ್ಜೀನಿಯಾ ಟೆಕ್ ತನ್ನ ಕಾನ್ಫರೆನ್ಸ್ ಗೆದ್ದಿದೆ, ಸರಿ, ಆದ್ರೆ ಸೆಪ್ಟೆಂಬರಲ್ಲಿ ಎಲ್‌ಎಸ್‌ಯು ಇವರನ್ನ 48-7 ಬಡಿದಿತ್ತು. ಹಾಗಾದ್ರೆ ಏಳನೇ ಸ್ಥಾನದ ಎಲ್‌ಎಸ್‌ಯು? ಎರಡು ಸೋಲು, ಎರಡೂ ಮೂರನೇ ಓವರ್‌ಟೈಮಲ್ಲಿ, ಅಂದ್ರೆ ನಿಗದಿ 60 ನಿಮಿಷದಲ್ಲಿ ಯಾರೂ ಇವರನ್ನ ಸೋಲಿಸಿಲ್ಲ. ಜೊತೆಗೆ ಅವತ್ತೇ ಮಧ್ಯಾಹ್ನ, ಬದಲಿ ಕ್ವಾರ್ಟರ್‌ಬ್ಯಾಕ್ ಹಾಕ್ಕೊಂಡು ಟೆನಸಿಯನ್ನ 21-14 ಸೋಲಿಸಿ ಕಾನ್ಫರೆನ್ಸ್ ಗೆದ್ದಿತ್ತು. ಏಳರಿಂದ ನೇರ ಎರಡು.

ಇವರ ಕೋಚ್ ಲೆಸ್ ಮೈಲ್ಸ್‌ಗೆ ಧೈರ್ಯ ಜಾಸ್ತಿ. ಅಕ್ಟೋಬರಲ್ಲಿ ಫ್ಲೋರಿಡಾ ಎದುರು ನಾಲ್ಕನೇ ಡೌನಲ್ಲಿ ಐದು ಸಲ ಒದೆಯದೆ ನುಗ್ಗಿಸಿದ್ದ, ಐದಕ್ಕೆ ಐದೂ ಸಿಕ್ಕಿತ್ತು, 28-24 ಗೆದ್ದಿದ್ರು. ನಾಲ್ಕನೇ ಡೌನ್ ಬಗ್ಗೆ ಮೇಲೆ ಹೇಳಿದ್ದು ಇದಕ್ಕೇ. 2008ರ ಜನವರಿ 7ಕ್ಕೆ ನ್ಯೂ ಆರ್ಲಿಯನ್ಸಲ್ಲಿ ಎಲ್‌ಎಸ್‌ಯು ಒಹಾಯೋ ಸ್ಟೇಟ್‌ನ 38-24 ಸೋಲಿಸ್ತು. ಎರಡು ಸೋಲು ಇಟ್ಕೊಂಡು ಬಿಸಿಎಸ್ ಚಾಂಪಿಯನ್ ಆದ ಟೀಮ್ ಅದೊಂದೇ.

ಹವಾಯಿಗೆ ಆಗಿದ್ದು

ಇಷ್ಟೆಲ್ಲ ಟೀಮ್ ಸೋತ ವರ್ಷದಲ್ಲಿ ಒಂದು ಟೀಮ್ ಮಾತ್ರ ಒಂದೂ ಸೋಲದೆ ರೆಗ್ಯುಲರ್ ಸೀಸನ್ ಮುಗಿಸಿತ್ತು, ಹವಾಯಿ, 12ಕ್ಕೆ 12. ಅವರನ್ನ ಫೈನಲ್‌ಗೆ ಕರೀಲಿಲ್ಲ. ಕಾರಣ, ಅವರ ಕಾನ್ಫರೆನ್ಸ್ ಚಿಕ್ಕದು, ಎದುರಾಳಿಗಳು ಗಟ್ಟಿ ಇರಲಿಲ್ಲ. ಅವರಿಗೆ ಸಿಕ್ಕಿದ್ದು ಶುಗರ್ ಬೌಲ್ ಅನ್ನೋ ದೊಡ್ಡ ಪ್ರದರ್ಶನ ಪಂದ್ಯ, ಜಾರ್ಜಿಯಾ ಎದುರು 41-10 ಸೋತ್ರು. ನೋಡಿ, ಕರೀದೇ ಇದ್ದದ್ದೇ ಸರಿ ಅಂತ ಎಷ್ಟೋ ಜನ ಆಗ ಹೇಳಿದ್ರು. ನಾನು ಒಪ್ಪಲ್ಲ. ಒಂದೂ ಸೋಲದೇ ಇರೋನಿಗೆ ಇನ್ನೇನು ಮಾಡಿದ್ರೆ ಫೈನಲ್ ಸಿಗತ್ತೆ ಅಂತ ಹೇಳೋಕೇ ಆಗದ ವ್ಯವಸ್ಥೆ ಅದು.

ಅಷ್ಟೊಂದು ದೊಡ್ಡೋರು ಸೋತಿದ್ದು ಯಾಕೆ

ಒಂದು ಕಾರಣ ಆ 85ರ ಮಿತಿ. ಹಿಂದೆ ದೊಡ್ಡ ಕಾಲೇಜುಗಳು ಸ್ಕಾಲರ್‌ಶಿಪ್ ಕೊಟ್ಟು ನೂರಾರು ಹುಡುಗರನ್ನ ಗುಡ್ಡೆ ಹಾಕ್ಕೊಳ್ತಿದ್ವು, ಆಡಿಸದೇ ಇದ್ರೂ ಬೇರೆಯವರಿಗೆ ಸಿಗದೇ ಇದ್ರೆ ಸಾಕು ಅನ್ನೋ ಥರ. 1990ರ ದಶಕದಲ್ಲಿ ಮಿತಿ 85ಕ್ಕೆ ಇಳೀತು, ಒಳ್ಳೆ ಹುಡುಗರು ಚಿಕ್ಕ ಕಾಲೇಜುಗಳಿಗೂ ಹೋಗೋಕೆ ಶುರುವಾದ್ರು.

ಇನ್ನೊಂದು ಆಟದ ಶೈಲಿ, ಸ್ಪ್ರೆಡ್ ಅಂತ ಹೆಸರು. ಹಳೇ ರೀತಿ ಅಂದ್ರೆ ದಪ್ಪ ದಪ್ಪ ಆಳುಗಳು ಒತ್ತೊತ್ತಾಗಿ ನಿಂತು ತಳ್ಳೋದು, ಅಲ್ಲಿ ಮೈಭಾರ ಇದ್ದೋನೇ ಗೆಲ್ಲೋದು. ಸ್ಪ್ರೆಡ್‌ನಲ್ಲಿ ಆಟಗಾರರನ್ನ ಮೈದಾನದ ಅಗಲಕ್ಕೂ ಹರಡಿ ನಿಲ್ಲಿಸ್ತಾರೆ, ಎದುರಾಳಿಯೂ ಹರಡಲೇಬೇಕು, ಮಧ್ಯೆ ಸಂದಿ ಬೀಳತ್ತೆ, ಆ ಸಂದಿಯಲ್ಲಿ ಚುರುಕಾದ ಸಣ್ಣ ಹುಡುಗ ಓಡ್ತಾನೆ. ಕಬಡ್ಡಿಯಲ್ಲಿ ಏಳು ಜನ ಕೈ ಕೈ ಹಿಡಿದು ಸರಪಳಿ ಮಾಡಿದಾಗ ಒಳಗೆ ನುಗ್ಗೋದು ಕಷ್ಟ, ಅದೇ ಸರಪಳಿ ಬಿಚ್ಚಿಸಿದ್ರೆ ಒಬ್ಬೊಬ್ಬನನ್ನೇ ದಾಟಬಹುದಲ್ಲ, ಅದೇ ಲೆಕ್ಕ. ಈ ಶೈಲಿಯ ದೊಡ್ಡ ಗುರು ಅಂದ್ರೆ ವೆಸ್ಟ್ ವರ್ಜೀನಿಯಾ ಕೋಚ್ ರಿಚ್ ರಾಡ್ರಿಗೆಜ್, ಆಪಲೇಶಿಯನ್ ಕೋಚ್‌ಗಳು ಅವರ ಹತ್ರಾನೇ ಹೋಗಿ ಕಲಿತು ಬಂದಿದ್ರು, ಆ ವಿದ್ಯೆಯಿಂದಲೇ ಮಿಶಿಗನ್‌ನ ಹೊಡೆದದ್ದು. ಪಿಟ್ಸ್‌ಬರ್ಗ್ ಎದುರು ಸೋತ ಅದೇ ಡಿಸೆಂಬರಲ್ಲಿ ರಾಡ್ರಿಗೆಜ್ ವೆಸ್ಟ್ ವರ್ಜೀನಿಯಾ ಬಿಟ್ಟು ಹೋದ್ರು. ಅವರನ್ನ ಕರ್ಕೊಂಡಿದ್ದು ಮಿಶಿಗನ್.

ಈಗ ಹೇಗಿದೆ

ಬಿಸಿಎಸ್ 2013ರ ಸೀಸನ್‌ಗೆ ಮುಗೀತು. 2014ರಿಂದ ನಾಲ್ಕು ಟೀಮ್‌ಗಳ ಪ್ಲೇಆಫ್, 2024ರಿಂದ ಹನ್ನೆರಡು. ಚಿಕ್ಕ ಕಾನ್ಫರೆನ್ಸ್‌ಗಳ ಚಾಂಪಿಯನ್‌ಗಳಲ್ಲಿ ಒಬ್ಬರಿಗಾದ್ರೂ ಈಗ ಜಾಗ ಗ್ಯಾರಂಟಿ, 2024ರಲ್ಲಿ ಬಾಯ್ಸಿ ಸ್ಟೇಟ್ ಹಾಗೇ ಬಂದಿದ್ದು, ಈ ರೂಲ್ 2007ರಲ್ಲಿ ಇದ್ದಿದ್ರೆ ಹವಾಯಿ ಹುಡುಗರಿಗೂ ಒಂದು ಚಾನ್ಸ್ ಸಿಗ್ತಿತ್ತು. 2024ರ ಸೀಸನ್‌ನ ಕಪ್ ಗೆದ್ದಿದ್ದು ಅಕ್ಕನ ಮಗನ ಊರಿನ ಒಹಾಯೋ ಸ್ಟೇಟ್, ಅವರಿಗೂ ಆ ವರ್ಷ ಎರಡು ಸೋಲು, ಅದರಲ್ಲೊಂದು ಸ್ವಂತ ನೆಲದಲ್ಲಿ ಮಿಶಿಗನ್ ಎದುರು 13-10. ಆದ್ರೂ ಎಂಟನೇ ಸೀಡ್ ಆಗಿ ಒಳಗೆ ಬಂದು ನಾಲ್ಕು ಮ್ಯಾಚ್ ಗೆದ್ರು. ಎರಡು ಸೋಲು ಅಂತ ಯಾರೂ ಲೆಕ್ಕ ಪತ್ರ ತೆಗೀಲಿಲ್ಲ. ಈ ವ್ಯವಸ್ಥೆ ನ್ಯಾಯವಾದದ್ದು, ಅದರಲ್ಲಿ ನಂಗೆ ಅನುಮಾನ ಇಲ್ಲ. ಆದ್ರೆ ಕೆವಿನ್ ರೈಲಿ ಗೆರೆ ಒಳಗೆ ಬಿದ್ದಿದ್ದು ಇವತ್ತಾಗಿದ್ರೆ ಅದು ಒಂದು ಸೋಲು ಅಷ್ಟೇ ಆಗಿರ್ತಿತ್ತು.

ಬೂನಿನ ಹುಡುಗರು? ಆಪಲೇಶಿಯನ್ ಸ್ಟೇಟ್ 2014ರಲ್ಲಿ ಮೇಲಿನ ಮಟ್ಟಕ್ಕೆ ಬಡ್ತಿ ತಗೊಂಡು ಬಂತು. ಮೇಲೆ ಬಂದ ಮೇಲೆ ಆಡಿದ ಮೊದಲ ಮ್ಯಾಚ್ ಆಗಸ್ಟ್ 30ಕ್ಕೆ, ಆನ್ ಆರ್ಬರಲ್ಲಿ, ಅದೇ ಮಿಶಿಗನ್ ಎದುರು. ಆ ಸಲ ಮಿಶಿಗನ್ 52-14 ಗೆದ್ದಿತು.